ಕಾಯಿಸುವುದು, ಆಮೇಲೆ ಕಾಯುವುದು: ಮನೆಯ ಬಿಯರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಿಯರ್ ಮಾಡುವಾಗ ಕಾಯಿಸುವುದಕ್ಕೆ ಒಂದು ಗಂಟೆ ಸಾಕು, ಕಾಯುವುದಕ್ಕೆ ವಾರಗಳು ಬೇಕು. ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡನೆಯ ಕೆಲಸದ ಬಗ್ಗೆಯೇ. ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. "ತಾಳ್ಮೆ ಇರಲಿ" ಎಂಬ ಒಂದೇ ಉತ್ತರ ಇವೆಲ್ಲಕ್ಕೂ ಹೊಂದುವುದಿಲ್ಲ. ಅವಸರ ಮಾಡಲೇಬೇಕಾದ ಜಾಗಗಳು ಈ ಕೆಲಸದಲ್ಲಿ ಬೇಕಾದಷ್ಟಿವೆ. ಕಾದು ಕಾದು ಬಿಯರ್ ಕೆಡಿಸಿಕೊಂಡವರೂ ಇದ್ದಾರೆ. ಬೇರೆ ಹೇಳದಿದ್ದಲ್ಲಿ ಲೆಕ್ಕವೆಲ್ಲ ಸುಮಾರು 20 ಲೀಟರಿನ, ಏಲ್ ಯೀಸ್ಟ್ (18ರಿಂದ 22 ಡಿಗ್ರಿಯಲ್ಲಿ ಹುದುಗುವ ಬಗೆ) ಹಾಕಿದ, ಸಾಧಾರಣ ಗಟ್ಟಿತನದ ಬ್ಯಾಚಿಗೆ.

## ಮೊದಲ ಬ್ಯಾಚಿನವರಿಗೆ

ಇವತ್ತು ಶುರು ಮಾಡಿದರೆ ಕುಡಿಯುವುದು ಯಾವತ್ತು?

ನಾಲ್ಕು ವಾರ ಎಂದಿಟ್ಟುಕೊಳ್ಳಿ. ಹುದುಗುವ ಪಾತ್ರೆಯಲ್ಲಿ ಎರಡು ವಾರ, ಬಾಟಲಿಯಲ್ಲಿ ಎರಡು ವಾರ. ಸಕ್ಕರೆ ಮದ್ಯವಾಗುವ ದೊಡ್ಡ ಕೆಲಸ ಮೊದಲ ಮೂರರಿಂದ ಐದು ದಿನಗಳಲ್ಲೇ ಬಹುಮಟ್ಟಿಗೆ ಮುಗಿಯುತ್ತದೆ. ಆ ಗಡಿಬಿಡಿಯಲ್ಲಿ ಯೀಸ್ಟ್ ಬಿಟ್ಟುಹೋದ ಕಸವನ್ನು ಅದೇ ಯೀಸ್ಟ್ ಗುಡಿಸಿ ತೆಗೆಯುವುದಕ್ಕೆ ಉಳಿದ ದಿನಗಳು ಬೇಕು. ತಣ್ಣಗೆ, ನಿಧಾನವಾಗಿ ಹುದುಗುವ ಲಾಗರ್ ಆದರೆ ಆರರಿಂದ ಎಂಟು ವಾರ. ಶೇಕಡಾ 10ರಷ್ಟು ಮದ್ಯವಿರುವ ಬಾರ್ಲಿವೈನ್ ಆರು ತಿಂಗಳಿಗೆ ಮೊದಲು ಬಾಯಿಗೆ ಹಿತವಾಗುವುದು ಅಪರೂಪ.

ಸ್ನೇಹಿತರನ್ನು ಕರೆಯುವ ದಿನ ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುವವರು ಐದು ವಾರ ಹಿಡಿಯುವುದು ಒಳ್ಳೆಯದು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದ ಹಾಗೆ, ಯೀಸ್ಟ್ ಹಾಕಿದ ದಿನವೇ ತಾರೀಖು ಸಮೇತ ಲೇಬಲ್ ಮುದ್ರಿಸಿಕೊಂಡವರೊಬ್ಬರು ನನಗೆ ಗೊತ್ತು. ಲೇಬಲಿನ ತಾರೀಖು ಬಂತು, ಬಿಯರ್ ಬರಲಿಲ್ಲ.

ಯೀಸ್ಟ್ ಹಾಕಿ ಹನ್ನೆರಡು ಗಂಟೆಯಾಯಿತು, ಒಂದು ಗುಳ್ಳೆಯೂ ಇಲ್ಲ. ಇನ್ನೊಂದು ಪೊಟ್ಟಣ ಹಾಕಲೇ?

ಬೇಡ. ಹೊರಗೆ ಏನೂ ಕಾಣದಿದ್ದರೂ ಒಳಗೆ ಕೆಲಸ ನಡೆದಿದೆ. ಯೀಸ್ಟ್ ಮೊದಲು ವರ್ಟ್‌ನಲ್ಲಿ (ಮೊಳಕೆ ಬರಿಸಿದ ಧಾನ್ಯದಿಂದ ತೆಗೆದ ಸಿಹಿ ರಸದಲ್ಲಿ) ಕರಗಿರುವ ಆಮ್ಲಜನಕವನ್ನು ಹೀರಿಕೊಂಡು ತನ್ನ ಕೋಶದ ಗೋಡೆಯೊಳಗಿನ ಪೊರೆಯನ್ನು ಗಟ್ಟಿಮಾಡಿಕೊಳ್ಳುತ್ತದೆ, ಆಮೇಲೆ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ಅದಾದ ಮೇಲೆಯೇ ನೊರೆ. ಇದಕ್ಕೆ 6ರಿಂದ 24 ಗಂಟೆ ಹಿಡಿಯುವುದು ಮಾಮೂಲು; ತಣ್ಣಗಿನ ಲಾಗರಿಗೆ ಎರಡು ದಿನವೂ ಆಗಬಹುದು. ಮೂರು ದಿನ, ಅಂದರೆ 72 ಗಂಟೆ ಕಳೆದರೂ ನೊರೆ ಏಳದೆ, ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ಉಪಕರಣ) ಮೊದಲಿನ ಅಂಕಿಯನ್ನೇ ತೋರಿಸುತ್ತಿದ್ದರೆ ಮಾತ್ರ ಹೊಸ ಯೀಸ್ಟ್ ಹಾಕಿ.

ಈ ಆತಂಕವನ್ನು ಕಡಿಮೆ ಮಾಡುವ ಉಪಾಯ ಹಿಂದಿನ ದಿನದ ಕೆಲಸದಲ್ಲಿದೆ. 20 ಲೀಟರಿಗೆ 11 ಗ್ರಾಮಿನ ಒಂದು ತಾಜಾ ಒಣ ಯೀಸ್ಟ್ ಪೊಟ್ಟಣ ಪೂರ್ತಿ ಬೇಕು. ಅರ್ಧ ಹಾಕಿ ಅರ್ಧ ಉಳಿಸಿದವರು ಉಳಿಸಿದ್ದಕ್ಕಿಂತ ಹೆಚ್ಚು ಕಾದಿದ್ದಾರೆ.

ದಿನಕ್ಕೆರಡು ಸಲ ಮುಚ್ಚಳ ತೆಗೆದು ನೋಡುತ್ತೇನೆ. ತಪ್ಪೇ?

ಹೌದು, ತಪ್ಪೇ. ಹುದುಗು ಜೋರಾಗಿರುವಾಗ ಬಿಯರಿನ ಮೇಲೆ ಇಂಗಾಲದ ಡೈಆಕ್ಸೈಡಿನ ಹೊದಿಕೆ ಇರುತ್ತದೆ. ಮುಚ್ಚಳ ತೆಗೆದಾಗೆಲ್ಲ ಅದು ಕದಡಿ ಗಾಳಿ ಒಳಗೆ ಹೋಗುತ್ತದೆ, ಗಾಳಿಯ ಜೊತೆಗೆ ಕಾಡು ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಕೂಡ. ನೋಡದೆ ಇರಲಾರೆ ಎನ್ನುವವರು ಗಾಜಿನ ಪಾತ್ರೆ ಕೊಂಡು ಅದಕ್ಕೊಂದು ಕಪ್ಪು ಬಟ್ಟೆ ಹೊದಿಸಿ. ಬಟ್ಟೆ ಎತ್ತಿ ಎಷ್ಟು ಸಲ ಬೇಕಾದರೂ ನೋಡಬಹುದು. ಬೆಳಕಿನಲ್ಲಿ ಮಾತ್ರ ಇಡಬೇಡಿ. ಕಹಿಗೂ ಪರಿಮಳಕ್ಕೂ ಹಾಕುವ ಹೂವಾದ ಹಾಪ್ಸ್‌ನ ಕಹಿ ಅಂಶ ಬಿಸಿಲಿಗೆ ಸಿಕ್ಕಿದರೆ ದುರ್ನಾತ ಹಿಡಿಯಲು ಕೆಲವೇ ನಿಮಿಷ ಸಾಕು.

ಏರ್‌ಲಾಕಿನಲ್ಲಿ ಗುಳ್ಳೆ ನಿಂತಿದೆ. ಮುಗಿಯಿತು ಅಂತ ತಾನೆ ಅರ್ಥ?

ಏರ್‌ಲಾಕ್ ಎಂದರೆ ಮುಚ್ಚಳಕ್ಕೆ ಸಿಕ್ಕಿಸಿದ, ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ನೀರಿನ ಕೊಳವೆ. ಅದರ ಗುಳ್ಳೆಯನ್ನು ನಂಬಬೇಡಿ. ಮುಚ್ಚಳ ಸರಿಯಾಗಿ ಕೂರದಿದ್ದರೆ ಅನಿಲ ಬದಿಯಿಂದ ಸೋರಿಹೋಗಿ, ಹುದುಗು ಜೋರಾಗಿರುವಾಗಲೂ ಏರ್‌ಲಾಕ್ ಸುಮ್ಮನೆ ಕೂತಿರುತ್ತದೆ. ಹುದುಗು ಮುಗಿದು ವಾರವಾದ ಮೇಲೆ ಕೋಣೆ ಎರಡು ಡಿಗ್ರಿ ಬಿಸಿಯಾದರೆ, ಕರಗಿದ್ದ ಅನಿಲ ಹೊರಬಂದು ಅದೇ ಏರ್‌ಲಾಕ್ ಮತ್ತೆ ಗುಳುಗುಳು ಎನ್ನುತ್ತದೆ.

ನಂಬಬೇಕಾದದ್ದು ಹೈಡ್ರೋಮೀಟರನ್ನು. ಶುರುವಿನಲ್ಲಿ 1.050 ಇದ್ದ ಸಾಂದ್ರತೆ ಸಾಮಾನ್ಯವಾಗಿ 1.010ರಿಂದ 1.013ರ ಹತ್ತಿರ ಬಂದು ನಿಲ್ಲುತ್ತದೆ. ಹತ್ತನೆಯ ದಿನ ಒಮ್ಮೆ ಅಳೆಯಿರಿ, ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಎರಡೂ ಸಲ ಒಂದೇ ಅಂಕಿ ಬಂದು, ಅದು ನಿರೀಕ್ಷೆಯ ಹತ್ತಿರವೂ ಇದ್ದರೆ ಮುಗಿದಿದೆ. ಅಳೆದ ಬಿಯರನ್ನು ಪಾತ್ರೆಗೆ ವಾಪಸು ಸುರಿಯಬೇಡಿ, ಕುಡಿದು ನೋಡಿ. ಹತ್ತನೆಯ ದಿನದ ಗುಟುಕಿಗೂ ಹದಿನಾಲ್ಕನೆಯ ದಿನದ ಗುಟುಕಿಗೂ ಇರುವ ವ್ಯತ್ಯಾಸ ಒಮ್ಮೆ ನಾಲಿಗೆಗೆ ತಿಳಿದರೆ, ಕಾಯುವುದು ಯಾಕೆ ಎಂದು ಇನ್ಯಾರೂ ನಿಮಗೆ ಹೇಳಬೇಕಾಗಿಲ್ಲ.

ಮಾಡುವ ದಿನವೇ ಐದಾರು ಗಂಟೆ ಹಿಡಿಯುತ್ತದೆ. ಅದರಲ್ಲಿ ಎಲ್ಲಿ ಸಮಯ ಉಳಿಸಬಹುದು?

ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸುವ ಹಂತದಲ್ಲಿ ಉಳಿಸಬಹುದು. 65ರಿಂದ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ನಿಮಿಷ ಎಂಬುದು ವಾಡಿಕೆ. ಇಂದಿನ ಮಾಲ್ಟ್‌ಗಳಲ್ಲಿ ಪಿಷ್ಟ ಸಕ್ಕರೆಯಾಗಲು ಅನೇಕ ಸಲ ಅದರ ಅರ್ಧ ಸಾಕು. ಒಂದು ಬಿಳಿ ತಟ್ಟೆಯ ಮೇಲೆ ವರ್ಟ್‌ನ ಹನಿಗೆ ಅಯೋಡಿನ್ ಹನಿ ಸೇರಿಸಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಉಳಿದಿದೆ, ಕಾಯಬೇಕು. ಅಯೋಡಿನ್ನಿನ ಬಣ್ಣವೇ ಉಳಿದರೆ ಮುಂದೆ ಹೋಗಬಹುದು. ಕುದಿಸುವುದನ್ನು ಮಾತ್ರ, ತಿಳಿಬಣ್ಣದ ಪಿಲ್ಸ್ನರ್ ಮಾಲ್ಟ್ ಬಳಸುತ್ತಿದ್ದರೆ, ಮೊಟಕು ಮಾಡಲು ಹೋಗಬೇಡಿ. ಬೇಯಿಸಿದ ಜೋಳದ ವಾಸನೆ ಕೊಡುವ ಡೈಮೀಥೈಲ್ ಸಲ್ಫೈಡ್ ಆವಿಯಾಗಿ ಹೋಗಲು ಮುಚ್ಚಳವಿಲ್ಲದೆ ಚೆನ್ನಾಗಿ ಕುದಿಯಬೇಕು.

ಕುದಿ ನಿಂತ ಮೇಲೆ ನಿಮ್ಮ ಅವಸರಕ್ಕೆಲ್ಲ ಸ್ವಾಗತ. ವರ್ಟ್ ಬೇಗ ತಣ್ಣಗಾದಷ್ಟೂ ಒಳ್ಳೆಯದು. ಸಿಹಿಯಾದ, ಉಗುರುಬೆಚ್ಚಗಿನ, ಇನ್ನೂ ಯೀಸ್ಟ್ ಬೀಳದ ವರ್ಟ್ ಬ್ಯಾಕ್ಟೀರಿಯಾಗಳಿಗೆ ಹಾಸಿಗೆ ಹಾಸಿಕೊಟ್ಟಂತೆ. ತಾಮ್ರದ ಸುರುಳಿ ಕೊಳವೆಯಲ್ಲಿ ತಣ್ಣೀರು ಹರಿಸಿದರೆ ಅರ್ಧ ಗಂಟೆಯ ಕೆಲಸ. ವಿಚಿತ್ರವೆಂದರೆ ಇಷ್ಟು ಓಡಿದವರು 30 ಡಿಗ್ರಿಗೆ ಬಂದ ಕೂಡಲೇ ಸುಸ್ತಾಗಿ ಯೀಸ್ಟ್ ಸುರಿದುಬಿಡುತ್ತಾರೆ. ಕೊನೆಯ ಹತ್ತು ಡಿಗ್ರಿ ಇಳಿಯದಿದ್ದರೆ ಶುದ್ಧ ಪಾತ್ರೆಯಲ್ಲಿ ಮುಚ್ಚಿಟ್ಟು ಮಲಗಿ, ಬೆಳಿಗ್ಗೆ ಎದ್ದು ಯೀಸ್ಟ್ ಹಾಕಿ. ಸ್ವಚ್ಛತೆ ಸರಿಯಾಗಿದ್ದರೆ ಒಂದು ರಾತ್ರಿಯಲ್ಲಿ ಹಾಳಾಗುವುದಿಲ್ಲ.

## ಹುದುಗುವ ದಿನಗಳು

ಬೇಗ ಮುಗಿಯಲಿ ಎಂದು ಬೆಚ್ಚಗಿನ ಕೋಣೆಯಲ್ಲಿ ಇಟ್ಟಿದ್ದೇನೆ. ಪರವಾಗಿಲ್ಲವೇ?

ಬೇಗ ಮುಗಿಯುವುದು ಖಂಡಿತ. ಏಲ್ ಯೀಸ್ಟ್‌ಗಳಿಗೆ ಹಿತವಾದ 18ರಿಂದ 22 ಡಿಗ್ರಿಯ ಬದಲು 28ರಲ್ಲಿ ಇಟ್ಟರೆ ಎರಡೇ ದಿನದಲ್ಲಿ ಎಲ್ಲ ಅಡಗಬಹುದು. ಆದರೆ ಬಿಸಿಯಲ್ಲಿ ನಾಗಾಲೋಟ ಓಡುವ ಯೀಸ್ಟ್ ಎಥೆನಾಲಿನ ಜೊತೆಗೆ ಫ್ಯೂಸೆಲ್ ಎಂಬ ಭಾರದ ಮದ್ಯಗಳನ್ನೂ ಹೆಚ್ಚು ಮಾಡುತ್ತದೆ. ಗಂಟಲು ಸುಡುವ, ಬಣ್ಣಕ್ಕೆ ಬೆರೆಸುವ ಥಿನ್ನರಿನಂತೆ ಮೂಗಿಗೆ ಹೊಡೆಯುವ ಆ ಗುಣ ಆಮೇಲೆ ತಿಂಗಳುಗಟ್ಟಲೆ ಇಟ್ಟರೂ ಅಷ್ಟಾಗಿ ಇಳಿಯುವುದಿಲ್ಲ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಹುದುಗುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ. ಕೋಣೆ 22 ಡಿಗ್ರಿ ಇದ್ದರೆ ಪಾತ್ರೆಯೊಳಗೆ 25 ದಾಟಿರಬಹುದು. ಗೋಡೆಯ ಮೇಲಿನ ಥರ್ಮಾಮೀಟರ್ ನೋಡಿ ನೆಮ್ಮದಿಯಾಗಿರಬೇಡಿ, ಪಾತ್ರೆಯ ಮೈಗೆ ಒಂದನ್ನು ಅಂಟಿಸಿ. ರುಚಿ ನಿರ್ಧಾರವಾಗುವುದು ಮೊದಲ ಮೂರು ದಿನಗಳಲ್ಲಿ. ಆಗ ತಂಪಾಗಿಟ್ಟು, ನೊರೆ ಇಳಿದ ಮೇಲೆ ಎರಡು ಡಿಗ್ರಿ ಏರಲು ಬಿಟ್ಟರೆ ಯೀಸ್ಟ್ ಮಲಗದೆ ಉಳಿದ ಕೆಲಸವನ್ನೂ ಮುಗಿಸುತ್ತದೆ. ನಿಮ್ಮ ಅವಸರಕ್ಕೆ ನ್ಯಾಯವಾದ ಜಾಗ ಅದು, ನಾಲ್ಕನೆಯ ದಿನದ ನಂತರ.

ಅಂಕಿ ಸರಿಯಾಗಿ ಇಳಿದಿದೆ, ಆದರೆ ಬೆಣ್ಣೆಯ ವಾಸನೆ ಬರುತ್ತಿದೆ. ಇನ್ನೂ ಎಷ್ಟು ಕಾಯಬೇಕು?

ಇದು ಡಯಾಸಿಟೈಲ್. ಅವಸರದ ಗುರುತುಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯೀಸ್ಟ್ ತನಗೆ ಬೇಕಾದ ವ್ಯಾಲಿನ್ ಎಂಬ ಅಮೈನೋ ಆಮ್ಲವನ್ನು ತಯಾರಿಸುವಾಗ ಆಲ್ಫಾ ಅಸಿಟೋಲ್ಯಾಕ್ಟೇಟ್ ಎಂಬ ವಸ್ತುವಿನ ಸ್ವಲ್ಪ ಭಾಗ ಕೋಶದಿಂದ ಹೊರಗೆ ಸೋರುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ಬಿಯರಿನಲ್ಲಿ ಅದು ನಿಧಾನವಾಗಿ, ಯೀಸ್ಟಿನ ಸಹಾಯವಿಲ್ಲದೆ, ಡಯಾಸಿಟೈಲ್ ಆಗಿ ಬದಲಾಗುತ್ತದೆ. ಲೀಟರಿಗೆ ಸುಮಾರು 0.1 ಮಿಲಿಗ್ರಾಂ ಇದ್ದರೆ ಸಾಕು, ಮೂಗಿಗೆ ಗೊತ್ತಾಗುತ್ತದೆ. ಆಮೇಲೆ ಯೀಸ್ಟೇ ಅದನ್ನು ಹೀರಿಕೊಂಡು ವಾಸನೆಯಿಲ್ಲದ ವಸ್ತುವಾಗಿ ಮಾರ್ಪಡಿಸುತ್ತದೆ. ನಡುವಿನ ಆ ನಿಧಾನದ ಹೆಜ್ಜೆಯನ್ನು ಯಾರೂ ತಳ್ಳಿ ಓಡಿಸಲಾಗದು. ಬೆಚ್ಚಗಿಟ್ಟರೆ ಸ್ವಲ್ಪ ಬೇಗ ಆಗುತ್ತದೆ, ಅಷ್ಟೆ.

ಅದಕ್ಕೇ ಲಾಗರ್ ಮಾಡುವವರು ಹುದುಗು ಮುಗಿಯುವ ಹೊತ್ತಿಗೆ 15ರಿಂದ 18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡುತ್ತಾರೆ. ಅಂಕಿ ನಿಂತಿತು ಎಂದು ಅದೇ ದಿನ ಫ್ರಿಜ್ಜಿಗೆ ತಳ್ಳಿದರೆ ಯೀಸ್ಟ್ ತಳಕ್ಕೆ ಕೂರುತ್ತದೆ, ಸೋರಿದ್ದು ಬಿಯರಿನಲ್ಲೇ ಉಳಿಯುತ್ತದೆ. ಇವತ್ತು ಶುದ್ಧವಾಗಿದ್ದ ಬಾಟಲಿ ಮೂರು ವಾರದ ನಂತರ ಬೆಣ್ಣೆ ನಾರುವುದು ಹೀಗೆ.

ಎಷ್ಟು ಕಾಯಬೇಕು ಎಂದು ಊಹಿಸುವ ಬದಲು ಪರೀಕ್ಷೆ ಮಾಡಿ. ಎರಡು ಚಿಕ್ಕ ಗಾಜಿನ ಸೀಸೆಗಳಲ್ಲಿ ಬಿಯರ್ ತೆಗೆದುಕೊಳ್ಳಿ. ಒಂದನ್ನು ಸಡಿಲವಾಗಿ ಮುಚ್ಚಿ 60ರಿಂದ 65 ಡಿಗ್ರಿಯ ನೀರಿನಲ್ಲಿ 20 ನಿಮಿಷ ಇಡಿ, ಇನ್ನೊಂದನ್ನು ಹಾಗೇ ಬಿಡಿ. ಬಿಸಿ ಮಾಡಿದ್ದನ್ನು ತಣ್ಣಗಾಗಿಸಿ ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆಯಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಸೋರಿದ ವಸ್ತು ಇನ್ನೂ ಇದೆ ಎಂದರ್ಥ, ಮೂರು ದಿನ ಬಿಟ್ಟು ಮತ್ತೆ ನೋಡಿ. ಎರಡರಲ್ಲೂ ಇಲ್ಲದಿದ್ದರೆ ನೀವು ಮುಂದುವರಿಯಬಹುದು.

ಹಸಿ ಸೇಬಿನ ರುಚಿ ಇದೆ. ಇದೂ ಕಾದರೆ ಹೋಗುತ್ತದೆಯೇ?

ಹೋಗುತ್ತದೆ. ಅದು ಅಸಿಟಾಲ್ಡಿಹೈಡ್, ಸಕ್ಕರೆ ಮದ್ಯವಾಗುವ ದಾರಿಯ ಕೊನೆಯ ಮೆಟ್ಟಿಲಿಗಿಂತ ಒಂದು ಹಿಂದಿನದು. ಬಿಯರನ್ನು ಯೀಸ್ಟಿನ ಮೇಲೆಯೇ ಇನ್ನೊಂದು ವಾರ ಬಿಡಿ. ತಿಂಗಳಾದ ಮೇಲೆ ಹೊಸದಾಗಿ ಸೇಬಿನ ವಾಸನೆ ಶುರುವಾದರೆ ಕಾರಣ ಬೇರೆ: ಗಾಳಿ ತಾಗಿದೆ, ಅಥವಾ ಬ್ಯಾಕ್ಟೀರಿಯಾ ಸೇರಿದೆ. ಅದು ಕಾದರೆ ಹೋಗುವುದಲ್ಲ.

1.020ಕ್ಕೆ ಬಂದು ಐದು ದಿನದಿಂದ ಅಲ್ಲೇ ನಿಂತಿದೆ. ಕಾಯಲೇ, ಏನಾದರೂ ಮಾಡಲೇ?

ಕಾದದ್ದು ಸಾಕು, ಈಗ ಕೈಹಾಕಿ. ಪಾತ್ರೆಯನ್ನು ಮೂರು ಡಿಗ್ರಿ ಬೆಚ್ಚಗಿನ ಜಾಗಕ್ಕೆ ಸರಿಸಿ, ಗಾಳಿ ಸೇರದಂತೆ ಮೆಲ್ಲಗೆ ಸುತ್ತಾಡಿಸಿ ತಳದ ಯೀಸ್ಟನ್ನು ಎಬ್ಬಿಸಿ. ಎರಡು ಮೂರು ದಿನದಲ್ಲಿ ಅಂಕಿ ಕದಲದಿದ್ದರೆ, ಬೇರೆ ಪಾತ್ರೆಯಲ್ಲಿ ಆಗಲೇ ಹುದುಗುತ್ತಿರುವ ಚುರುಕಾದ ಯೀಸ್ಟನ್ನು ಸೇರಿಸಿ. ಒಣ ಪುಡಿಯನ್ನು ಮದ್ಯ ತುಂಬಿದ ಬಿಯರಿಗೆ ನೇರವಾಗಿ ಸುರಿದರೆ ಅದು ಅಷ್ಟಾಗಿ ಚೇತರಿಸಿಕೊಳ್ಳುವುದಿಲ್ಲ. ಇದಕ್ಕೆಲ್ಲ ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ. ಮಾಲ್ಟನ್ನು 70 ಡಿಗ್ರಿಯ ಹತ್ತಿರ ನೆನೆಸಿದ್ದಿರಾ? ಹಾಗಾದರೆ ಯೀಸ್ಟ್ ತಿನ್ನಲಾಗದ ಸಕ್ಕರೆಯೇ ಹೆಚ್ಚು ಇರುತ್ತದೆ, 1.020 ಅದರ ನಿಜವಾದ ಕೊನೆಯೇ ಆಗಿರಬಹುದು.

ಎರಡನೆಯ ಪಾತ್ರೆಗೆ ವರ್ಗಾಯಿಸದಿದ್ದರೆ ತಳದ ಯೀಸ್ಟ್ ಸತ್ತು ರುಚಿ ಕೆಡುತ್ತದೆ ಎನ್ನುತ್ತಾರೆ. ನಿಜವೇ?

ದೊಡ್ಡ ಕಾರ್ಖಾನೆಗಳ ಎತ್ತರದ ತೊಟ್ಟಿಗಳಲ್ಲಿ ನಿಜ. ಅಲ್ಲಿ ಟನ್ನುಗಟ್ಟಲೆ ಬಿಯರಿನ ಭಾರಕ್ಕೆ, ಒಳಗಿನ ಶಾಖಕ್ಕೆ ತಳದ ಯೀಸ್ಟ್ ಬೇಗ ಒಡೆದು ಮಾಂಸದ ಸಾರಿನಂಥ ವಾಸನೆ ಬಿಡುತ್ತದೆ. ಮನೆಯ 20 ಲೀಟರ್ ಪಾತ್ರೆಯಲ್ಲಿ ಮೂರು ನಾಲ್ಕು ವಾರ ಬಿಟ್ಟರೂ ಆ ಭಯವಿಲ್ಲ. ವರ್ಗಾಯಿಸುವುದರಿಂದ ಬಿಯರಿಗೆ ಗಾಳಿ ತಾಗುವ ಅಪಾಯವೇ ದೊಡ್ಡದು. ಏನಾದರೂ ಮಾಡುತ್ತಿರಬೇಕು ಎಂಬ ಕೈಯ ತುರಿಕೆ ತೀರಿಸಿಕೊಳ್ಳಲು ವರ್ಗಾಯಿಸುವವರೇ ಹೆಚ್ಚು ಎಂಬುದು ನನ್ನ ಅನುಮಾನ. ಹಣ್ಣು ಸೇರಿಸುವುದಿದ್ದರೆ, ತಿಂಗಳುಗಟ್ಟಲೆ ಮಾಗಿಸುವುದಿದ್ದರೆ ವರ್ಗಾಯಿಸಿ, ಇಲ್ಲದಿದ್ದರೆ ಬಿಟ್ಟುಬಿಡಿ.

## ಬಾಟಲಿಗೆ ತುಂಬುವಾಗ

ಏಳನೆಯ ದಿನ 1.016 ಇದೆ, ಇನ್ನೇನು ಮುಗಿಯುತ್ತದೆ. ಈಗಲೇ ಬಾಟಲಿಗೆ ತುಂಬಿದರೆ ಏನು ಮಹಾ ಆಗುತ್ತದೆ?

ಬಾಟಲಿ ಸಿಡಿಯಬಹುದು. ಈ ಪುಟದಲ್ಲಿ ರುಚಿಯ ಮಾತನ್ನು ಬಿಟ್ಟು ಕಣ್ಣು, ಕೈಗಳ ಮಾತನ್ನು ಆಡಬೇಕಾದ ಪ್ರಶ್ನೆ ಇದೊಂದೇ.

ಲೆಕ್ಕ ಹೀಗಿದೆ. ಒಂದು ಲೀಟರ್ ಬಿಯರಿನಲ್ಲಿ ಎಷ್ಟು ಲೀಟರ್ ಅನಿಲ ಕರಗಿದೆ ಎಂಬುದೇ ಅಳತೆ. ಸಾಮಾನ್ಯ ಏಲ್‌ಗೆ 2.4 ಹಿತ. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಸುಮಾರು 0.85 ಆಗಲೇ ಇರುತ್ತದೆ. ಉಳಿದ 1.55ಕ್ಕೆ ಲೀಟರಿಗೆ 6 ಗ್ರಾಂನಷ್ಟು ಸಕ್ಕರೆ ಸೇರಿಸುತ್ತೇವೆ. ಇಲ್ಲಿಯವರೆಗೆ ಎಲ್ಲ ಸರಿ. ಈಗ ನಿಮ್ಮ 1.016 ಬಾಟಲಿಯೊಳಗೆ 1.010ಕ್ಕೆ ಇಳಿಯಿತು ಎನ್ನಿ. ಸಾಂದ್ರತೆಯ ಒಂದೊಂದು ಅಂಶಕ್ಕೂ (ಅಂದರೆ 0.001ಕ್ಕೂ) ಸುಮಾರು ಅರ್ಧ ಲೀಟರ್ ಅನಿಲ ಹುಟ್ಟುತ್ತದೆ. ಆರು ಅಂಶಕ್ಕೆ ಮೂರು. ಒಟ್ಟು 5.4. ಕೋಣೆಯ ಶಾಖದಲ್ಲಿ ಅದು ಕಾರಿನ ಚಕ್ರದೊಳಗಿನ ಒತ್ತಡದ ಎರಡು ಪಟ್ಟಿಗೂ ಮಿಕ್ಕಿದ ಒತ್ತಡ. ಸಾಮಾನ್ಯ ಬಿಯರ್ ಬಾಟಲಿ ಮೂರರ ಆಚೆಗೆ ಹೋಗುವುದಕ್ಕಾಗಿ ಮಾಡಿದ್ದಲ್ಲ.

ನನ್ನ ಎರಡನೆಯ ಬ್ಯಾಚಿನಲ್ಲಿ ನಾನು ಮಾಡಿದ್ದು ಇದನ್ನೇ. ಹತ್ತು ದಿನದ ಮೇಲೆ ರಾತ್ರಿ ಬೀರುವಿನೊಳಗೆ ಪಟಾಕಿ ಹೊಡೆದಂಥ ಸದ್ದು. ಒಂದು ಬಾಟಲಿ ಸಿಡಿದ ಪೆಟ್ಟಿಗೆ ಪಕ್ಕದ ಮೂರು ಒಡೆದಿದ್ದವು, ಬೀರುವಿನ ಒಳಬಾಗಿಲಿಗೆ ಗಾಜಿನ ಚೂರು ನೆಟ್ಟಿತ್ತು. ಬಾಗಿಲು ತೆರೆದಿದ್ದಾಗ ಆಗಿದ್ದರೆ ಎಂಬುದನ್ನು ಈಗಲೂ ಯೋಚಿಸಲು ಇಷ್ಟವಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಆ ರಾತ್ರಿ ಗಾಜು ಗುಡಿಸುವಾಗ ನೆನಪಾಯಿತು.

ಆಗಲೇ ತುಂಬಿಬಿಟ್ಟಿದ್ದರೆ ದಪ್ಪ ಕೈಗವಸು, ಮುಖಕ್ಕೆ ರಕ್ಷಣೆ ಹಾಕಿಕೊಂಡು, ಬಾಟಲಿಗಳಿಗೆ ದಪ್ಪ ಟವೆಲ್ ಹೊದಿಸಿ ಫ್ರಿಜ್ಜಿನಲ್ಲಿ ಇಡಿ. ಚಳಿಗೆ ಯೀಸ್ಟ್ ನಿಲ್ಲುತ್ತದೆ, ಒತ್ತಡವೂ ಇಳಿಯುತ್ತದೆ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಸ್ವಲ್ಪ ಸಡಿಲಿಸಿ ಅನಿಲ ಬಿಟ್ಟು ಮತ್ತೆ ಮುಚ್ಚಿ.

ಬಾಟಲಿಗೆ ತುಂಬಿ ಐದು ದಿನವಾಯಿತು. ತೆರೆದರೆ ಬುಸ್ ಎನ್ನುವುದೇ ಇಲ್ಲ. ಸಕ್ಕರೆ ಕಡಿಮೆಯಾಯಿತೇ?

ಐದು ದಿನ ಸಾಲದು, 20 ಡಿಗ್ರಿಯಲ್ಲಿ ಎರಡು ವಾರ ಬೇಕು. ಬಾಟಲಿಗಳನ್ನು ತಣ್ಣಗಿನ ನೆಲದ ಮೇಲೆ ಇಟ್ಟಿದ್ದರೆ ಮೂರು ವಾರ. ಇನ್ನಷ್ಟು ಸಕ್ಕರೆ ಹಾಕಲು ಎಲ್ಲ ಬಾಟಲಿ ತೆರೆಯಬೇಡಿ. ಹಾಗೆ ಮಾಡಿದವರು ಹಿಂದಿನ ಪ್ರಶ್ನೆಗೆ ಮರಳಿ ಬರುತ್ತಾರೆ. ಒಂದು ಚಿಕ್ಕ ಉಪಾಯ: ತುಂಬುವಾಗ ಒಂದೇ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿಡಿ. ದಿನಾ ಅದನ್ನು ಹಿಸುಕಿ ನೋಡಬಹುದು. ಕಲ್ಲಿನಂತೆ ಗಟ್ಟಿಯಾದ ದಿನ ಉಳಿದವುಗಳಲ್ಲೂ ಅನಿಲ ತುಂಬಿದೆ ಎಂದು ತಿಳಿಯಿರಿ. ಕೈಗೂ ಏನೋ ಕೆಲಸ ಸಿಕ್ಕಂತಾಯಿತು.

ಅನಿಲ ಹುಟ್ಟಿದ ಮೇಲೂ ಕುಡಿಯುವ ಮುನ್ನ ಎರಡು ದಿನ ಫ್ರಿಜ್ಜಿನಲ್ಲಿಡಿ. ಮುಚ್ಚಳದ ಕೆಳಗಿನ ಖಾಲಿ ಜಾಗದಲ್ಲಿರುವ ಅನಿಲ ಚಳಿಯಲ್ಲೇ ಬಿಯರಿಗೆ ಚೆನ್ನಾಗಿ ಇಳಿಯುವುದು.

ಕೆಗ್‌ನಲ್ಲಿ ಒಂದೇ ದಿನದಲ್ಲಿ ಅನಿಲ ತುಂಬಬಹುದಂತೆ. ಹಾಗಾದರೆ ವಾರ ಯಾಕೆ ಕಾಯಬೇಕು?

ತುಂಬಬಹುದು. ಕೆಗ್ ಎಂದರೆ ಒತ್ತಡ ತಡೆಯುವ, ನಲ್ಲಿಯಿರುವ ಲೋಹದ ಪೀಪಾಯಿ; ಅದಕ್ಕೆ ಸಿಲಿಂಡರಿನಿಂದ ಅನಿಲ ಬಿಡುತ್ತಾರೆ. 4 ಡಿಗ್ರಿಯಲ್ಲಿ ಸುಮಾರು 0.8 ಬಾರ್ ಒತ್ತಡಕ್ಕೆ ಜೋಡಿಸಿ ವಾರ ಬಿಡುವುದು ನಿಧಾನದ ದಾರಿ. 2 ಬಾರ್‌ಗೆ ಏರಿಸಿ ಒಂದು ದಿನದಲ್ಲಿ ಮುಗಿಸುವುದು ಚುರುಕಿನ ದಾರಿ. ಎರಡನೆಯದರಲ್ಲಿ ಒತ್ತಡ ಇಳಿಸಲು ಮರೆತರೆ ನಲ್ಲಿಯಿಂದ ಬರುವುದೆಲ್ಲ ನೊರೆ. ನಾನು ಅವಸರದ ದಾರಿಯನ್ನೇ ಹಿಡಿಯುತ್ತೇನೆ, ಆದರೆ ಗಡಿಯಾರದಲ್ಲಿ ಅಲಾರಂ ಇಟ್ಟು. ಅನಿಲ ತುಂಬಿದ ಮಾತ್ರಕ್ಕೆ ಬಿಯರ್ ಮಾಗಿತು ಎಂದಲ್ಲ. ಹಸಿ ಬಿಯರಿಗೆ ಗುಳ್ಳೆ ಸೇರಿಸಿದರೆ ಗುಳ್ಳೆಯುಳ್ಳ ಹಸಿ ಬಿಯರ್ ಸಿಗುತ್ತದೆ.

## ಆಳಕ್ಕೆ ಇಳಿದವರಿಗೆ

ಇಟ್ಟಷ್ಟೂ ಒಳ್ಳೆಯದಾಗುತ್ತದೆ ಅಲ್ಲವೇ? ಆರು ತಿಂಗಳಿಂದ ಐಪಿಎ ಜೋಪಾನ ಮಾಡಿದ್ದೇನೆ.

ಜೋಪಾನ ಮಾಡಿ ಕಳೆದುಕೊಂಡಿದ್ದೀರಿ. ಐಪಿಎ ಎಂದರೆ ಹಾಪ್ಸ್ ಹೆಚ್ಚು ಹಾಕಿದ ಏಲ್. ಹಾಪ್ಸ್‌ನ ಪರಿಮಳ ವಾರ ವಾರಕ್ಕೂ ಸೋರುತ್ತದೆ. ಐಪಿಎಯನ್ನು ಅನಿಲ ತುಂಬಿದ ದಿನದಿಂದ ಒಂದೆರಡು ತಿಂಗಳೊಳಗೆ, ಫ್ರಿಜ್ಜಿನಲ್ಲಿಟ್ಟು ಮುಗಿಸಿಬಿಡಬೇಕು; ಗಾಳಿ ಬಂದಾಗ ತೂರಿಕೊಳ್ಳಬೇಕು. ಗೋಧಿ ಬಿಯರ್ ಕೂಡ ಎಳೆಯದಾಗಿದ್ದಾಗಲೇ ಚೆಂದ. ತುಂಬುವಾಗ ಸೇರಿದ ಆಮ್ಲಜನಕ ಒಳಗೇ ಕೆಲಸ ಮಾಡುತ್ತಾ, ಮೊದಲು ಪರಿಮಳವನ್ನು ನುಂಗಿ, ಆಮೇಲೆ ಒದ್ದೆ ರಟ್ಟಿನ ರುಚಿ ತರುತ್ತದೆ. ಬೆಚ್ಚಗೆ ಇಟ್ಟಷ್ಟೂ ಇದು ಬೇಗ.

ವರ್ಷ ತಡೆದುಕೊಳ್ಳುವವು ಬೇರೆ ಜಾತಿಯವು: ಮದ್ಯ ಹೆಚ್ಚಿರುವ ಬಾರ್ಲಿವೈನ್, ಇಂಪೀರಿಯಲ್ ಸ್ಟೌಟ್, ಹುಳಿ ಬಿಯರುಗಳು. ಅವುಗಳಲ್ಲಿ ಅದೇ ಆಮ್ಲಜನಕ, ಮಿತಿಯಲ್ಲಿದ್ದರೆ, ಒಣದ್ರಾಕ್ಷಿಯ, ಶೆರ್ರಿಯ ಗುಣ ತರುತ್ತದೆ.

ನನಗೆ ಕಾಯುವುದು ಆಗದು. ಬೇಗ ಆಗುವ ಬಿಯರ್ ಯಾವುದಿದೆ ಹೇಳಿ.

ಇದಕ್ಕಿಂತ ಪ್ರಾಮಾಣಿಕ ಪ್ರಶ್ನೆ ಇನ್ನೊಂದಿಲ್ಲ. ಸ್ವಭಾವ ಬದಲಿಸುವುದಕ್ಕಿಂತ ಬಿಯರ್ ಬದಲಿಸುವುದು ಸುಲಭ. ಶುರುವಿನ ಸಾಂದ್ರತೆ 1.035ರ ಆಸುಪಾಸಿನ ಇಂಗ್ಲಿಷ್ ಮೈಲ್ಡ್ ಅಥವಾ ಬಿಟರ್ ಮಾಡಿ. ಕೆಗ್ ಇದ್ದರೆ ಹತ್ತು ಹನ್ನೆರಡು ದಿನದಲ್ಲಿ ಗ್ಲಾಸಿನಲ್ಲಿರುತ್ತದೆ. ಗೋಧಿ ಬಿಯರ್ ಮಂದವಾಗಿಯೇ ಇರಬೇಕಾದ್ದರಿಂದ ತಿಳಿಯಾಗಲಿ ಎಂದು ಕಾಯುವ ಗೋಜೂ ಇಲ್ಲ.

ಇನ್ನೂ ಅವಸರವಿದ್ದರೆ ಕ್ವೈಕ್. ಇದು ಪಶ್ಚಿಮ ನಾರ್ವೆಯ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯೀಸ್ಟ್. ಅಲ್ಲಿ ಅದನ್ನು ಒಣಗಿಸಿ, ಮರದ ಚಿಕ್ಕ ತುಂಡುಗಳನ್ನು ಹೆಣೆದ ಉಂಗುರಗಳ ಮೇಲೆ ಕಾಪಾಡುತ್ತಿದ್ದರು. ಬೇರೆ ಯೀಸ್ಟ್ ಗಂಟಲು ಸುಡುವ ರುಚಿ ಕೊಡುವ 30ರಿಂದ 40 ಡಿಗ್ರಿಯಲ್ಲಿ ಇದು ಆರಾಮವಾಗಿ ಹುದುಗಿ, ಮೂರು ನಾಲ್ಕು ದಿನದಲ್ಲಿ ಕೆಲಸ ಮುಗಿಸುತ್ತದೆ. ಬೆಚ್ಚಗೆ ಇಡಬೇಡಿ ಎಂದು ಮೇಲೆ ನಾನು ಹೇಳಿದ್ದೆಲ್ಲ ಇದಕ್ಕೆ ಅನ್ವಯಿಸುವುದಿಲ್ಲ. ಹೈಡ್ರೋಮೀಟರಿನ ಮಾತು ಮಾತ್ರ ಅನ್ವಯಿಸುತ್ತದೆ.

ಲಾಗರಿಗೆ ನಿಜವಾಗಿಯೂ ಅಷ್ಟು ವಾರ ಬೇಕೇ, ಅದು ಬರೀ ಸಂಪ್ರದಾಯವೇ?

ಅರ್ಧ ಅದು, ಅರ್ಧ ಇದು. ಲಾಗರ್ ಎಂಬ ಹೆಸರೇ ಜರ್ಮನ್ ಭಾಷೆಯ ದಾಸ್ತಾನಿಡು ಎಂಬ ಅರ್ಥದ ಮಾತಿನಿಂದ ಬಂದದ್ದು. ಬವೇರಿಯಾದಲ್ಲಿ 1553ರ ಒಂದು ಆಜ್ಞೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸುವುದನ್ನೇ ನಿಷೇಧಿಸಿತು, ಬೇಸಿಗೆಯಲ್ಲಿ ಕೆಡುತ್ತದೆ ಎಂದು. ಹಾಗಾಗಿ ಮಾರ್ಚ್‌ನಲ್ಲಿ ಕೊಂಚ ಗಟ್ಟಿಯಾಗಿ ಮಾಡಿ ತಂಪು ನೆಲಮಾಳಿಗೆಯಲ್ಲಿ ಬೇಸಿಗೆ ದಾಟಿಸುತ್ತಿದ್ದರು. ತಿಂಗಳುಗಟ್ಟಲೆ ಕಾದದ್ದು ಮೊದಲಿಗೆ ಹವಾಮಾನದ ಒತ್ತಾಯದಿಂದ.

ಈಗ ಫ್ರಿಜ್ ಇದೆ. ಏಲ್‌ಗಿಂತ ದುಪ್ಪಟ್ಟು ಯೀಸ್ಟ್ ಹಾಕಿ 10ರಿಂದ 12 ಡಿಗ್ರಿಯಲ್ಲಿ ಶುರುಮಾಡಿ. ಸಾಂದ್ರತೆ ಅರ್ಧ ದಾರಿ ಇಳಿದ ಮೇಲೆ, ಅಂದರೆ ನಾಲ್ಕೈದು ದಿನಕ್ಕೆ, ದಿನಕ್ಕೆರಡು ಡಿಗ್ರಿಯಂತೆ 18ಕ್ಕೆ ಏರಿಸಿ. ಬೆಣ್ಣೆಯ ಪರೀಕ್ಷೆ ಪಾಸಾದ ಮೇಲೆ 1 ಡಿಗ್ರಿಯ ಹತ್ತಿರಕ್ಕೆ ಇಳಿಸಿ. ಮೂರು ವಾರದಲ್ಲಿ ಒಳ್ಳೆಯ ಲಾಗರ್ ಸಿಗುತ್ತದೆ. ಆರು ವಾರದ್ದು ಇನ್ನೂ ನುಣುಪಾಗಿರುತ್ತದೆ, ಸುಳ್ಳು ಹೇಳಲಾರೆ. ಆ ವ್ಯತ್ಯಾಸ ಮೂರು ವಾರದ ಬೆಲೆ ಬಾಳುತ್ತದೆಯೇ ಎಂಬುದು ನಿಮ್ಮ ಫ್ರಿಜ್ಜಿನಲ್ಲಿ ಎಷ್ಟು ಜಾಗವಿದೆ ಎನ್ನುವುದರ ಮೇಲೆ ನಿಂತಿದೆ.

ಹುದುಗು ಮುಗಿದ ಮೇಲೆ ಹಾಪ್ಸ್ ಹಾಕಿದೆ, ಸಾಂದ್ರತೆ ಮತ್ತೆ ಇಳಿಯುತ್ತಿದೆ! ಅಳತೆ ತಪ್ಪಿತೇ?

ಅಳತೆ ಸರಿಯಿದೆ. ಹಾಪ್ಸ್‌ನಲ್ಲಿ ಪಿಷ್ಟದ ಉದ್ದ ಸರಪಣಿಗಳನ್ನು ಕತ್ತರಿಸುವ ಕಿಣ್ವಗಳು ಸ್ವಲ್ಪ ಪ್ರಮಾಣದಲ್ಲಿವೆ. ಯೀಸ್ಟ್ ತಿನ್ನಲಾಗದೆ ಬಿಟ್ಟ ಸಕ್ಕರೆಯನ್ನು ಅವು ತಿನ್ನುವಂತೆ ಮಾಡುತ್ತವೆ, ಹುದುಗು ಮರುಕಳಿಸುತ್ತದೆ. ಇಂಗ್ಲೆಂಡಿನ ಹೊರೇಸ್ ಬ್ರೌನ್ ಮತ್ತು ಹ್ಯಾರಿಸ್ ಮಾರಿಸ್ 1893ರಲ್ಲೇ ಇದನ್ನು ವಿವರಿಸಿದ್ದರು. ಹಾಪ್ಸನ್ನು ರಾಶಿರಾಶಿ ಸುರಿಯುವ ಕಾಲ ಬಂದ ಮೇಲೆ ಎಲ್ಲರಿಗೂ ಮತ್ತೆ ನೆನಪಾಯಿತು. ಮರುಹುದುಗಿನ ಜೊತೆಗೆ ಡಯಾಸಿಟೈಲ್ ಕೂಡ ಮರಳಬಹುದು. ಹಾಪ್ಸ್ ಪರಿಮಳ ಬಿಡಲು ಮೂರು ದಿನ ಸಾಕಾದರೂ, ಅಂಕಿ ಎರಡನೆಯ ಸಲ ನಿಲ್ಲುವವರೆಗೆ ಬಾಟಲಿಯ ಹತ್ತಿರ ಹೋಗಬೇಡಿ.

ಲ್ಯಾಂಬಿಕ್‌ನಂಥದ್ದನ್ನು ಮನೆಯಲ್ಲಿ ಮಾಡಬೇಕು ಎಂದಿದೆ. ಎಷ್ಟು ವರ್ಷ ಮುಟ್ಟದೆ ಇರಬೇಕು?

ಒಂದರಿಂದ ಮೂರು. ಬ್ರಸೆಲ್ಸ್ ಸುತ್ತಮುತ್ತ ಚಳಿಗಾಲದಲ್ಲಿ ವರ್ಟನ್ನು ಅಗಲ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟು, ಗಾಳಿಯಲ್ಲಿ ಬಂದ ಜೀವಿಗಳಿಂದಲೇ ಹುದುಗಿಸುತ್ತಾರೆ. ಒಂದರ ನಂತರ ಒಂದು ಜೀವಿ ಸರದಿಯಲ್ಲಿ ಕೆಲಸ ಮಾಡುತ್ತದೆ. ನಡುವೆ ಪೀಡಿಯೋಕಾಕಸ್ ಬ್ಯಾಕ್ಟೀರಿಯಾದ ಕಾಲದಲ್ಲಿ ಬಿಯರ್ ಎಣ್ಣೆಯಂತೆ ನೂಲುನೂಲಾಗುವುದೂ ಉಂಟು. ನೋಡಿದರೆ ಚೆಲ್ಲಬೇಕು ಅನ್ನಿಸುತ್ತದೆ, ಚೆಲ್ಲಬೇಡಿ. ಬ್ರೆಟನೊಮೈಸಿಸ್ ಯೀಸ್ಟ್ ತಿಂಗಳುಗಳಲ್ಲಿ ಅದನ್ನು ಒಡೆದು ತಿಳಿಯಾಗಿಸುತ್ತದೆ. ಒಂದು, ಎರಡು, ಮೂರು ವರ್ಷದವನ್ನು ಬೆರೆಸಿದರೆ ಗ್ಯೂಜ್.

ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ ಒಂದೇ: ಜೊತೆಗೆ ಬೇಗ ಆಗುವ ಬೇರೆ ಬಿಯರುಗಳು ಸದಾ ಪಾತ್ರೆಯಲ್ಲಿರಲಿ. ಕುಡಿಯಲು ಬೇರೆ ಇದ್ದಾಗ ಮೂಲೆಯ ಪಾತ್ರೆಯನ್ನು ಮರೆಯುವುದು ಕಷ್ಟವಲ್ಲ. ಏರ್‌ಲಾಕಿನ ನೀರು ಆರಿಲ್ಲವೇ ಎಂದು ಮಾತ್ರ ತಿಂಗಳಿಗೊಮ್ಮೆ ನೋಡಿ.

ಬ್ಯಾಚ್ ಚೆನ್ನಾಗಿ ಬಂದಿಲ್ಲ. ಇಟ್ಟರೆ ಸರಿಹೋದೀತು ಎಂದು ಇಟ್ಟುಕೊಂಡಿದ್ದೇನೆ. ಎಷ್ಟು ದಿನ ನೋಡಲಿ?

ಯಾವ ದೋಷ ಎಂಬುದನ್ನು ಮೊದಲು ಹೆಸರಿಸಿ. ಕೊಳೆತ ಮೊಟ್ಟೆಯ ಗಂಧಕದ ವಾಸನೆ, ಹಸಿ ಸೇಬು, ಬೆಣ್ಣೆ ಇವುಗಳಿಗೆ ಯೀಸ್ಟ್ ಇನ್ನೂ ಜೊತೆಗಿದ್ದರೆ ಎರಡರಿಂದ ನಾಲ್ಕು ವಾರ ಕೊಡಬಹುದು. ಒರಟು ಕಹಿ ಎರಡು ಮೂರು ತಿಂಗಳಲ್ಲಿ ಮೆತ್ತಗಾಗುತ್ತದೆ. ಆದರೆ ಕ್ಲೋರಿನ್ ನೀರಿನಿಂದ ಬಂದ ಔಷಧಿ ಅಂಗಡಿಯ ವಾಸನೆ, ವಿನೆಗರಿನ ಹುಳಿ, ಒದ್ದೆ ರಟ್ಟು, ಬಿಸಿಲು ತಾಗಿದ ದುರ್ನಾತ ಇವು ಕಾದರೆ ಹೋಗುವುದಿಲ್ಲ, ಕೆಲವು ಹೆಚ್ಚುತ್ತವೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ನಮ್ಮ ಬಿಯರಿನ ದೋಷ ನಮಗೆ ಕಾಣುವುದು ಕಷ್ಟ. ಬಿಯರ್ ಯಾರದ್ದು ಎಂದು ಹೇಳದೆ ಬೇರೆಯವರಿಗೆ ಕೊಟ್ಟು ಕೇಳಿ.

ನಾನು ಒಮ್ಮೆ ಔಷಧಿ ನಾರುವ ನಲವತ್ತು ಬಾಟಲಿಗಳನ್ನು ಹನ್ನೊಂದು ತಿಂಗಳು ಇಟ್ಟುಕೊಂಡಿದ್ದೆ. ತಾಳ್ಮೆ ಎಂದು ಹೇಳಿಕೊಂಡೆ. ನಿಜವಾಗಿ ಅದು ಚೆಲ್ಲಲು ಮನಸ್ಸಿಲ್ಲದ ಜಿಪುಣತನ. ಅಷ್ಟು ದಿನವೂ ಹೊಸ ಬ್ಯಾಚಿಗೆ ಬಾಟಲಿ ಇರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಎಲ್ಲವನ್ನೂ ಬಚ್ಚಲಿಗೆ ಸುರಿದೆ. ನೀವು ಸುರಿಯುವುದಾದರೆ ಬಾಟಲಿಗಳನ್ನು ಆಗಲೇ ಬಿಸಿನೀರಿನಲ್ಲಿ ತೊಳೆದಿಡಿ. ತಳದ ಗಸಿ ಒಮ್ಮೆ ಒಣಗಿತೆಂದರೆ ಬಾಟಲಿಗೊಂದರಂತೆ ಕಾಲು ಗಂಟೆ ಬ್ರಷ್ ಹಿಡಿದು ಉಜ್ಜಬೇಕಾಗುತ್ತದೆ.